ಕುಂಡ ತುಂಬಿದ ಹುಲ್ಲಿಗೆ ದೊಡ್ಡ ಕುಂಡಕ್ಕಿಂತ ಗರಗಸ ಮುಖ್ಯ

ನಮಸ್ಕಾರ. ಇವತ್ತು ಈ ಫೌಂಟನ್ ಗ್ರಾಸ್‌ನ ಕುಂಡ ಬದಲಿಸುವ ಕೆಲಸ ಇದೆ. ನೇರಳೆ ಗರಿ, ಮೆತ್ತನೆಯ ಉದ್ದ ತೆನೆ, ಸ್ವಲ್ಪ ಗಾಳಿ ಬಂದರೂ ಸಾಕು, ಇಡೀ ಗಿಡ ತೂಗುತ್ತದೆ. ಈಗ ಮಾತ್ರ ಒಣಗಿ ನಿಂತಿದೆ. ಬುಡದಲ್ಲಿ ಹೊಸ ಚಿಗುರು ಆಗಷ್ಟೇ ಮೂತಿ ತೋರಿಸುತ್ತಿದೆ. ನನಗೆ ಬೇಕಾಗಿದ್ದ ಹೊತ್ತು ಇದೇ.

ಮೊದಲು ಒಂದು ಚಂಬು ನೀರು ಹಾಕಿ ನೋಡೋಣ. ನೋಡಿದಿರಾ? ಮೇಲೆ ಹಾಕಿದ್ದು ತಕ್ಷಣ ಕೆಳಗಿನ ತೂತಿನಿಂದ ಹೊರಗೆ ಬಂತು. ಒಳಗೆ ನೀರು ಹಿಡಿದಿಡುವಷ್ಟು ಮಣ್ಣೇ ಉಳಿದಿಲ್ಲ, ಬರೀ ಬೇರು. ದಿನಾ ನೀರು ಹಾಕುತ್ತಿದ್ದರೂ ಗರಿಯ ತುದಿ ಒಣಗುತ್ತಿದೆ ಅಂತ ತುಂಬಾ ಜನ ಹೇಳುತ್ತಾರೆ. ಹಾಕಿದ ನೀರು ಸುಮ್ನೆ ಕುಂಡದ ಗೋಡೆ ಹಿಡಿದು ಇಳಿದು ಹೋಗುತ್ತಿರುತ್ತದೆ, ನಡುವಿನ ಬೇರಿಗೆ ತಲುಪುವುದೇ ಇಲ್ಲ.

ಈಗ ಗರಿಗಳನ್ನು ಎರಡೂ ಕೈಯಿಂದ ಬಿಡಿಸಿ, ಮಧ್ಯಭಾಗ ತೋರಿಸುತ್ತೇನೆ. ಇಲ್ಲಿ ಒಂದೂ ಚಿಗುರಿಲ್ಲ. ಬೂದು ಬಣ್ಣದ ಮೋಟುಗಳು, ಮುಟ್ಟಿದರೆ ಪುಡಿಯಾಗುತ್ತವೆ. ಚಿಗುರೆಲ್ಲ ಅಂಚಿನಲ್ಲಿದೆ, ಕುಂಡದ ಗೋಡೆಗೆ ಒತ್ತಿಕೊಂಡು.

ಇದು ರೋಗ ಅಲ್ಲ. ಭತ್ತ, ರಾಗಿ ತೆಂಡೆ (ಬುಡದಿಂದ ಏಳುವ ಹೊಸ ಕವಲು) ಒಡೆಯುತ್ತವಲ್ಲ, ಇದೂ ಹಾಗೆಯೇ ಬೆಳೆಯುವುದು. ಭತ್ತ, ರಾಗಿ, ಕಬ್ಬು ಎಲ್ಲ ಇದೇ ಹುಲ್ಲಿನ ಕುಟುಂಬದವು. ಸಜ್ಜೆಯಂತೂ ಫೌಂಟನ್ ಗ್ರಾಸ್‌ಗೆ ಇನ್ನೂ ಹತ್ತಿರದ ನೆಂಟ, ಎರಡೂ ಒಂದೇ ಕುಲಕ್ಕೆ (ಜೀನಸ್) ಸೇರಿದವು. ವ್ಯತ್ಯಾಸ ಏನೆಂದರೆ, ರಾಗಿ ಒಂದು ಬೆಳೆಗೆ ಮುಗಿಯುತ್ತದೆ, ಈ ಹುಲ್ಲು ವರ್ಷಗಟ್ಟಲೆ ಬದುಕುತ್ತದೆ. ಪ್ರತಿ ಸಲ ಹೊಸ ತೆಂಡೆ ಹಳೆಯದರ ಹೊರಬದಿಗೆ ಬರುತ್ತದೆ. ಹಾಗಾಗಿ ಹಳೆಯದು ನಡುವೆ ಉಳಿದು ಸಾಯುತ್ತದೆ, ಎಳೆಯದು ಸುತ್ತ ಬಳೆಯಾಗುತ್ತದೆ. ನೆಲದಲ್ಲಿದ್ದರೆ ಬಳೆ ಹಿಗ್ಗಲು ಜಾಗ ಇರುತ್ತದೆ. ಕುಂಡದಲ್ಲಿ ಗೋಡೆ ಅಡ್ಡ.

ಅದಕ್ಕೇ ನಾನು ಒತ್ತಿ ಹೇಳುವುದು: ಇಡೀ ಗಿಡ ಎತ್ತಿ ಸುಮ್ನೆ ಇನ್ನೂ ದೊಡ್ಡ ಕುಂಡಕ್ಕೆ ಇಳಿಸಿದರೆ ಸಾಲದು. ಸತ್ತ ನಡುಭಾಗವೂ ಜೊತೆಗೇ ಹೋಗುತ್ತದೆ. ಕತ್ತರಿಸಬೇಕು.

ಒಣ ಗರಿಯನ್ನು ಹಗ್ಗದಿಂದ ಒಂದು ಕಟ್ಟು ಕಟ್ಟಿದ್ದೇನೆ. ಹೀಗೆ ಕಟ್ಟಿಕೊಂಡರೆ ಕತ್ತರಿಸಿದ್ದೆಲ್ಲ ಒಟ್ಟಿಗೆ ಕೈಗೆ ಬರುತ್ತದೆ, ಅಂಗಳವೆಲ್ಲ ಹರಡುವುದಿಲ್ಲ. ಬುಡದಿಂದ 10–15 ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಇಷ್ಟು ಗಿಡ್ಡ ಮಾಡಿದರೆ ಸಾಯುತ್ತದಾ ಅಂತ ಹೆದರಬೇಡಿ. ಹುಲ್ಲು ಬೆಳೆಯುವ ಜಾಗ ತುದಿಯಲ್ಲಿಲ್ಲ, ಬುಡದಲ್ಲಿದೆ. ದನ ಮೇಯ್ದರೂ ಹುಲ್ಲು ಮತ್ತೆ ಚಿಗುರುವುದು ಅದಕ್ಕೇ ಅಲ್ವಾ? ಕೈಗವಸು ಮಾತ್ರ ಮರೆಯಬೇಡಿ, ತುಂಬುತೋಳಿನ ಅಂಗಿ ಇದ್ದರೆ ಇನ್ನೂ ಒಳ್ಳೆಯದು. ಇಂಥ ಹುಲ್ಲುಗಳ ಗರಿಯ ಅಂಚಿನಲ್ಲಿ ಸಿಲಿಕಾದ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಕೊಯ್ದದ್ದು ಗೊತ್ತೇ ಆಗುವುದಿಲ್ಲ, ಆಮೇಲೆ ಉರಿ ಶುರುವಾಗುತ್ತದೆ.

ನಿಮ್ಮ ಹತ್ತಿರ ಇರುವುದು ಬ್ಲೂ ಫೆಸ್ಕ್ಯೂನಂಥ ಹುಲ್ಲಾದರೆ ಹೀಗೆ ಬೋಳಿಸಬೇಡಿ. ಅದು ತಂಪಿನಲ್ಲಿ ಬೆಳೆಯುವ ಹುಲ್ಲು, ಚಳಿಯಲ್ಲೂ ಹಸಿರಾಗಿರುತ್ತದೆ. ಬೆರಳಿನಿಂದ ಬಾಚಿ ಸತ್ತ ಎಳೆಗಳನ್ನು ತೆಗೆದರೆ ಸಾಕು. ಅದರ ಕುಂಡವನ್ನು ಬಿಸಿಲು ಜೋರಾಗುವ ಮೊದಲೇ ಬದಲಿಸಬೇಕು. ಫೌಂಟನ್ ಗ್ರಾಸ್, ಮಿಸ್ಕಾಂಥಸ್‌ನಂಥವು ಸೆಕೆಯನ್ನು ಇಷ್ಟಪಡುತ್ತವೆ. ಇವಕ್ಕೆ ಚಿಗುರು ಶುರುವಾಗುವ ಹೊತ್ತೇ ಸರಿ. ಬೆಳವಣಿಗೆ ನಿಲ್ಲಿಸಿ ಮಲಗಿರುವ ಗಿಡದ ಬೇರು ಕತ್ತರಿಸಿದರೆ ಗಾಯ ಮಾಯುವುದಿಲ್ಲ, ತಂಪು ಮಣ್ಣಿನಲ್ಲಿ ಕೊಳೆಯುತ್ತದೆ. ತೆನೆ ಬಿಟ್ಟಾಗಲೂ ಮುಟ್ಟಬೇಡಿ.

ಕುಂಡದಿಂದ ಬಿಡಿಸುವುದೇ ಕಷ್ಟದ ಕೆಲಸ. ನಿನ್ನೆಯೇ ಚೆನ್ನಾಗಿ ನೆನೆಸಿಟ್ಟಿದ್ದೆ. ಈಗ ಅಡ್ಡ ಮಲಗಿಸಿ, ಉದ್ದ ಚಾಕುವನ್ನು ಗೋಡೆಗೆ ತಾಗಿಸಿ ಸುತ್ತ ಆಡಿಸುತ್ತಿದ್ದೇನೆ. ಪ್ಲಾಸ್ಟಿಕ್ ಕುಂಡವಾದರೆ ಬದಿಗಳನ್ನು ಒತ್ತಿ ಉರುಳಿಸಿದರೂ ಸಡಿಲವಾಗುತ್ತದೆ. ಗರಿ ಹಿಡಿದು ಎಳೆಯಬೇಡಿ, ತೆಂಡೆ ಕಿತ್ತು ಬರುತ್ತವೆ. ಇನ್ನೊಂದು ಮಾತು, ಹೊಟ್ಟೆ ಅಗಲ, ಬಾಯಿ ಕಿರಿದಾದ ಕುಂಡದಲ್ಲಿ ಹುಲ್ಲು ನೆಡಲೇಬೇಡಿ. ನೋಡಲು ಎಷ್ಟೇ ಚಂದ ಇರಲಿ, ಕೊನೆಗೆ ಕುಂಡ ಒಡೆಯಬೇಕು, ಇಲ್ಲ ಬೇರು ಕೊಚ್ಚಬೇಕು.

ಬಂತು! ಕ್ಯಾಮೆರಾ ಹತ್ತಿರ ತರುತ್ತೇನೆ, ಇದನ್ನು ಸರಿಯಾಗಿ ನೋಡಿ. ಕುಂಡದ ಆಕಾರವೇ ಬೇರಿನಲ್ಲಿ ಅಚ್ಚೊತ್ತಿದೆ. ತಳದಲ್ಲಿ ತಂತಿಯಂಥ ಕಂದು ಬೇರುಗಳು ಸುತ್ತು ಸುತ್ತಿ ಚಾಪೆಯ ಹಾಗೆ ಹೆಣೆದುಕೊಂಡಿವೆ. ತೂತಿದ್ದ ಜಾಗದಲ್ಲಿ ಒಂದು ಗುಬುಟು ಹೊರಗೆ ಬಂದಿದೆ. ಬೆರಳಿನಿಂದ ಕೆದಕಿದರೂ ಮಣ್ಣು ಉದುರುತ್ತಿಲ್ಲ. ಆದರೆ ಇಲ್ಲಿ ಅಂಚಿನಲ್ಲಿ ಬಿಳಿ ತುದಿಗಳು ಕಾಣುತ್ತವೆ ನೋಡಿ, ಅವು ಜೀವಂತ ಬೇರು, ನೀರು ಕುಡಿಯುವ ಬೇರು. ಇಷ್ಟು ಇಕ್ಕಟ್ಟಿನಲ್ಲೂ ಹೊಸ ಬೇರು ಬಿಟ್ಟಿದೆ ಪಾಪ.

ತಳದ ಚಾಪೆಯನ್ನು ಎರಡು ಬೆರಳು ದಪ್ಪಕ್ಕೆ ಕತ್ತರಿಸಿ ತೆಗೆಯುತ್ತೇನೆ. ಇನ್ನು ಗರಗಸ. ಕತ್ತರಿ, ಸಣ್ಣ ಚಾಕು ಇದಕ್ಕೆ ನಾಟುವುದಿಲ್ಲ. ಮೇಲಿಂದ ನೇರ ಕೆಳಕ್ಕೆ, ಮೊದಲು ಎರಡು ಭಾಗ, ಆಮೇಲೆ ನಾಲ್ಕು. ಹೊರಗಿನ ಎಳೆಯ ಭಾಗ ಇಟ್ಟುಕೊಂಡು, ನಡುವಿನ ಒಣ ತುಂಡನ್ನು ಗೊಬ್ಬರದ ಗುಂಡಿಗೆ ಹಾಕಿ. ಒಂದೊಂದು ತುಂಡಿಗೂ ನಾಲ್ಕೈದು ಚಿಗುರು, ಕೆಳಗೆ ಬಿಳಿ ಬೇರು ಇರಬೇಕು. ಮುಷ್ಟಿಗಿಂತ ಸಣ್ಣದು ಬೇಡ, ತುಂಬಾ ಪುಟ್ಟ ತುಂಡು ಚೇತರಿಸಿಕೊಳ್ಳಲು ತಿಣುಕುತ್ತದೆ.

ಈ ನೇರಳೆ ತಳಿಯ ಹೆಸರು ರೂಬ್ರಮ್. ಇದು ಮೊಳೆಯುವ ಬೀಜ ಕೊಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಒಂದು ಗಿಡ ನಾಲ್ಕಾಗಬೇಕಾದರೆ ಹೀಗೆ ಬುಡ ಒಡೆಯುವುದೇ ದಾರಿ. ಹಸಿರು ಫೌಂಟನ್ ಗ್ರಾಸ್ ಹಾಗಲ್ಲ. ಅದರ ಬೀಜ ಗಾಳಿಗೆ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಹವಾಯಿಯಲ್ಲಿ ಅದು ಕಾಡಿಗೇ ಕಂಟಕವಾಗಿರುವ ಕಳೆ. ಅದನ್ನು ಬೆಳೆಸುವವರು ತೆನೆ ಬಲಿಯುವ ಮೊದಲೇ ಕತ್ತರಿಸಿಬಿಡಿ, ದಯವಿಟ್ಟು.

ಕುಂಡ ಎಷ್ಟು ದೊಡ್ಡದಿರಬೇಕು? ಬೇರಿನ ಗಡ್ಡೆಯ ಸುತ್ತ 3–5 ಸೆಂಟಿಮೀಟರ್ ಜಾಗ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಮಣ್ಣಿದ್ದರೆ ಬೇರು ತಲುಪದ ಕಡೆ ನೀರು ನಿಂತು ಹುಳಿಯುತ್ತದೆ. ತಳಕ್ಕೆ ಜಲ್ಲಿ ಹಾಕುವ ಅಭ್ಯಾಸ ತುಂಬಾ ಜನಕ್ಕಿದೆ, ನಾನು ಹಾಕುವುದಿಲ್ಲ. ಸಣ್ಣ ಕಣದ ಮಣ್ಣಿನಲ್ಲಿರುವ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ಒದ್ದೆಯಾಗುವವರೆಗೂ ಅಲ್ಲೇ ನಿಲ್ಲುತ್ತದೆ. ಅಂದರೆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರ ಬಂತು. ತೂತಿನ ಮೇಲೆ ಒಂದು ತುಂಡು ಬಲೆ ಸಾಕು, ಮಣ್ಣು ಸೋರದ ಹಾಗೆ.

ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿಸಿದ್ದೇನೆ. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಗಿಡದ ಬುಡ ಮೊದಲಿದ್ದ ಮಟ್ಟದಲ್ಲೇ ಇರಲಿ. ಚಿಗುರು ಮಣ್ಣಿನಡಿ ಹೂತರೆ ಕೊಳೆಯುತ್ತದೆ. ಬದಿಗಳಲ್ಲಿ ಕೋಲಿನಿಂದ ಮೆಲ್ಲಗೆ ತಿವಿದು ಟೊಳ್ಳು ಉಳಿಯದ ಹಾಗೆ ತುಂಬಿ. ಬಾಯಿಯಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ, ನೀರು ನಿಲ್ಲಲು ಜಾಗ ಬೇಕು. ಈಗ ತೂತಿನಿಂದ ಬರುವವರೆಗೂ ನೀರು ಹಾಕಿ.

ಒಂದು ವಾರ ನೆರಳಿನಲ್ಲಿಡಿ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ಗೊಬ್ಬರದ ಆಸೆ ಈಗ ಬೇಡ. ಹೊಸ ಗರಿ ಒಂದು ಗೇಣು ಬೆಳೆದ ಮೇಲೆ ದ್ರವ ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಕೊಡಿ. ಸಾರಜನಕ ಜಾಸ್ತಿಯಾದರೆ ಹುಲ್ಲು ಮೆತ್ತಗೆ ಬೆಳೆದು ನಾಲ್ಕೂ ಕಡೆ ಬಿದ್ದುಬಿಡುತ್ತದೆ.

ಬೇರು ಹಿಡಿದಿದೆಯಾ ಅಂತ ತಿಳಿಯಲು ಬುಡದ ಹತ್ತಿರ ಹಿಡಿದು ಸ್ವಲ್ಪವೇ ಎಳೆದು ನೋಡಿ. ಅಲುಗಾಡಿದರೆ ಇನ್ನೂ ಕೆಲವು ದಿನ ನೆರಳಲ್ಲೇ ಇರಲಿ. ಬಿಗಿಯಾಗಿ ನಿಂತಿದ್ದರೆ ಬಿಸಿಲಿಗೆ ತನ್ನಿ, ಮೊದಲು ಬೆಳಗಿನ ಬಿಸಿಲು, ಆಮೇಲೆ ದಿನವಿಡೀ.