ಓದಿದ್ದು ಸಾಕು, ಇನ್ನು ಒಪ್ಪಿಸಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳು ಮತ್ತು ಹೆತ್ತವರ ಮುಂದೆ ಮಾಡಿದ ಉಪನ್ಯಾಸ)

ಮಕ್ಕಳೇ, ಹೆತ್ತವರೇ, ಅಧ್ಯಾಪಕ ಬಂಧುಗಳೇ,

ಫೆಬ್ರವರಿಯಲ್ಲಿ ಮಾದರಿ ಪರೀಕ್ಷೆ, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. ಈಗ ಯಾವ ಮನೆಯ ಜಗಲಿ ಹತ್ತಿದರೂ ಕಿವಿಗೆ ಬೀಳುವುದು ಒಂದೇ ಮಾತು: "ಓದು, ಓದು." ಆ ಮಾತನ್ನು ಬಿಟ್ಟುಬಿಡಿ ಎಂದು ಹೆತ್ತವರಲ್ಲಿ ಬೇಡಿಕೊಳ್ಳಲು ಬಂದಿದ್ದೇನೆ. "ಒಪ್ಪಿಸು" ಎನ್ನಿ.

ಇಲ್ಲಿರುವ ಹಿರಿಯರಿಗೆ ಈ ಶಬ್ದ ಹೊಸದಲ್ಲ. ಮುಸ್ಸಂಜೆ ಕೈಕಾಲು ತೊಳೆದು, ದೀಪದ ಮುಂದೆ ಚಾಪೆ ಹಾಸಿ ಮಗ್ಗಿ ಒಪ್ಪಿಸಿದವರು ನಾವು. ಹದಿಮೂರರ ಮಗ್ಗಿಯಲ್ಲಿ ತಡವರಿಸಿದರೆ ಅಜ್ಜ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದರು. ಪುಸ್ತಕ ಕಣ್ಣೆದುರು ಇರುತ್ತಿರಲಿಲ್ಲ, ಎಲ್ಲವೂ ಒಳಗಿನಿಂದ ಬರಬೇಕಿತ್ತು.

ಮೂರನೆಯ ಸಲ ಓದುವಾಗ ಪಾಠ ಪೂರ್ತಿ ಪರಿಚಿತ ಅನ್ನಿಸುತ್ತದೆ. ಬಸ್ಸಿನಲ್ಲಿ ದಿನವೂ ಕಾಣುವ ಮುಖವೂ ಪರಿಚಿತವೇ. ಆದರೆ ಅವರ ಹೆಸರೇನೆಂದು ಯಾರಾದರೂ ಕೇಳಿದರೆ? ಪರೀಕ್ಷೆ ಕೇಳುವುದು ಹೆಸರನ್ನು.

ನನ್ನ ನೆರೆಮನೆಯ ಹುಡುಗಿಯೊಬ್ಬಳ ಸಂಗತಿ ಹೇಳಬೇಕು. ಅವಳ ಭೌತಶಾಸ್ತ್ರದ ಪುಸ್ತಕದಲ್ಲಿ ಹಳದಿ ಬಣ್ಣ ಬಳಿಯದ ಸಾಲನ್ನೇ ಹುಡುಕಬೇಕಿತ್ತು. ಒಂದು ಸಂಜೆ ಜಗಲಿಯಲ್ಲಿ ಅಜ್ಜಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನಾನು ಹುಡುಗಿಯ ಪುಸ್ತಕ ಮುಚ್ಚಿಸಿ, "ಫ್ಯೂಸ್ ಏನು ಕೆಲಸ ಮಾಡುತ್ತದೆ, ಅಜ್ಜಿಗೆ ಹೇಳು" ಎಂದೆ. "ಹೆಚ್ಚು ಕರೆಂಟು ಬಂದರೆ ತಂತಿ ಕರಗುತ್ತದೆ" ಎಂದಳು. ಅಜ್ಜಿ ಎಲೆ ಸುರುಳಿ ಸುತ್ತುತ್ತಲೇ ಕೇಳಿದರು: "ಬೇರೆ ತಂತಿಗಳಲ್ಲಿಯೂ ಅದೇ ಕರೆಂಟಲ್ಲವಾ ಮಗಳೇ? ಅವು ಯಾಕೆ ಕರಗುವುದಿಲ್ಲ?"

ಹುಡುಗಿ ಸುಮ್ಮನಾದಳು. ಉತ್ತರ ಅವಳೇ ಬಣ್ಣ ಬಳಿದ ಪುಟದಲ್ಲಿತ್ತು, ಆದರೂ ಬಾಯಿಗೆ ಬರಲಿಲ್ಲ. ಎದ್ದು ಹೋಗಿ ಪುಸ್ತಕ ತೆರೆದಳು. ಫ್ಯೂಸ್ ತಂತಿಯ ದ್ರವನಬಿಂದು, ಅಂದರೆ ಅದು ಕರಗುವ ಉಷ್ಣತೆ, ಕಡಿಮೆ. ಹುಟ್ಟುವ ಶಾಖ ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣ, ಅಂದರೆ ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಆ ಒಂದು ಓದು ಅವಳ ಮೊದಲಿನ ಮೂರು ಓದಿಗಿಂತ ದೊಡ್ಡದು, ಏಕೆಂದರೆ ಈ ಸಲ ಅವಳಿಗೆ ಹಸಿವಿತ್ತು. ಆಮೇಲೆ ದಿನವೂ ಅಜ್ಜಿಗೆ ಒಂದು ಪಾಠ. ಬೀಡಿ ಕಟ್ಟು ಏರುತ್ತಿತ್ತು, ಪಾಠವೂ ಮುಗಿಯುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿಗಿಂತ ಒಳ್ಳೆಯ ಟ್ಯೂಷನ್ ನಾನು ಕಂಡಿಲ್ಲ.

ಇದು ನನ್ನೊಬ್ಬನ ನಂಬಿಕೆಯಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ನಾಲ್ಕು ಸಲ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಮಕ್ಕಳು ಮೋಸ ಹೋಗುವುದು ಇಲ್ಲಿಯೇ! ವಾರ ಕಳೆದ ಮೇಲೆ ಓದಿದವರಲ್ಲಿ ಉಳಿದದ್ದು ಶೇಕಡಾ 40ರಷ್ಟು, ಒಪ್ಪಿಸಿದವರಲ್ಲಿ 61ರಷ್ಟು.

"ಹಾಗಾದರೆ ಕಂಠಪಾಠ ಮಾಡಬೇಕೆ?" ಎಂದು ಅಧ್ಯಾಪಕರೊಬ್ಬರು ಆಗಲೇ ಕೇಳಿದರು. ಇಲ್ಲ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು, ವೇಷವಿಲ್ಲದೆ ಕುಳಿತು ಮಾತಿನಲ್ಲಿಯೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರು ನಾವು. ಭಾಗವತರು ಪದ ಹಾಡುತ್ತಾರೆ, ಪಾತ್ರವಾಗಿ ಮಾತನಾಡುವ ಅರ್ಥಧಾರಿ ಅದನ್ನೇ ಮತ್ತೆ ಹೇಳುವುದಿಲ್ಲ. ತನ್ನ ಮಾತಿನಲ್ಲಿ ಬಿಡಿಸುತ್ತಾರೆ. ಎದುರಿನ ಅರ್ಥಧಾರಿ ಪ್ರಶ್ನೆ ಎಸೆದರೆ ಅಲ್ಲಿಯೇ ಉತ್ತರ ಕೊಡಬೇಕು, ಪ್ರಸಂಗದ ಪುಸ್ತಕ ತೆರೆಯುವಂತಿಲ್ಲ. ನಾನು ಹೇಳುವ ಒಪ್ಪಿಸುವಿಕೆ ಅಂಥದ್ದು. ಇಬ್ಬರು ಗೆಳೆಯರು ಎದುರುಬದುರು ಕುಳಿತು ಒಂದು ಪಾಠಕ್ಕೆ ಅರ್ಥ ಹೇಳಿ ನೋಡಿ.

ನಮ್ಮ ಮಕ್ಕಳಿಗೆ ಇದು ಹೆಚ್ಚು ಬೇಕು. ಇದು ಸಪ್ತಭಾಷೆಗಳ ನೆಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ. ಮೊಬೈಲಿನಲ್ಲಿ ಮಲಯಾಳದ ವಿವರಣೆ. ಉತ್ತರ ಬರೆಯಬೇಕಾದದ್ದು ಮಾತ್ರ ಕನ್ನಡದಲ್ಲಿ. ವಿಷಯ ಗೊತ್ತಿದ್ದರೂ ಪೆನ್ನು ನಿಲ್ಲುತ್ತದೆ. 'ದ್ರವನಬಿಂದು' ಎಂಬ ಶಬ್ದ ನಿಮ್ಮ ಕೈಯಿಂದ ಮೊದಲ ಸಲ ಹೊರಡುವುದು ಪರೀಕ್ಷಾ ಕೊಠಡಿಯಲ್ಲಿ ಆಗಬಾರದು. ಅಜ್ಜಿಗೆ ತುಳುವಿನಲ್ಲಿಯೇ ಹೇಳಿ, ಸಂತೋಷ. ಬಳಿಕ ಅದನ್ನೇ ಕನ್ನಡದಲ್ಲಿ ಐದು ಸಾಲು ಬರೆಯಿರಿ.

ಇನ್ನು ಅಂತರದ ವಿಷಯ. ಅಡಿಕೆ ತೋಟಕ್ಕೆ ತಿಂಗಳ ನೀರನ್ನು ಒಂದೇ ದಿನ ಬಿಡುತ್ತೀರಾ? ಹೆಚ್ಚಾದದ್ದು ಕಣಿಯಲ್ಲಿ ಹರಿದುಹೋಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಕಲಿತು, ತಾನೇ ಮರೆತು, ಲೆಕ್ಕವಿಟ್ಟು 1885ರಲ್ಲಿ ತೋರಿಸಿದ್ದು ಇದನ್ನು: ಮರೆವು ಮೊದಲ ಗಂಟೆಗಳಲ್ಲಿಯೇ ಓಡುತ್ತದೆ, ಆಮೇಲೆ ನಿಧಾನವಾಗುತ್ತದೆ, ಕಲಿಕೆಯನ್ನು ದಿನಗಳಿಗೆ ಹಂಚಿದರೆ ಶ್ರಮ ಕಡಿಮೆ ಸಾಕು. ಇವತ್ತು ಒಪ್ಪಿಸಿದ ಪಾಠವನ್ನು ನಾಳೆ, ನಾಲ್ಕು ದಿನ ಬಿಟ್ಟು, ಎರಡು ವಾರ ಬಿಟ್ಟು ಮತ್ತೆ ಒಪ್ಪಿಸಿ. ತಡವರಿಸುತ್ತೀರಿ. ತಡವರಿಸಿ ನೆನಪಿಸಿಕೊಂಡದ್ದೇ ಗಟ್ಟಿಯಾಗುವುದು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ, ಕುಂಬಳೆ ಕಡೆಯವರಿಗೆ ಬಸ್ಸೂ ಇದೆ. ಹಳೆಯ ಪ್ರಶ್ನೆಪತ್ರಿಕೆಗಳ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ. ಗಡಿಯಾರ ಇಟ್ಟುಕೊಂಡು ಬಿಡಿಸಿ, ಅಷ್ಟು ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಕೆಡಬೇಡಿ. ಬರೆಯುವ ಮೊದಲು ಕೊಡುವ ಹದಿನೈದು ನಿಮಿಷ 'ಕೂಲ್ ಆಫ್' ಸಮಯದಲ್ಲಿ ಗೊತ್ತಿರುವ ಪ್ರಶ್ನೆಗಳನ್ನು ಆರಿಸಿಕೊಳ್ಳಿ.

ಸಂಶಯ ಇರುವ ಮಕ್ಕಳು ಚಹಾದ ಬಳಿಕ ಹೊರಗಿನ ಮಾವಿನ ಮರದ ಬುಡಕ್ಕೆ ಬನ್ನಿ. ಪುಸ್ತಕವನ್ನು ಚೀಲದಲ್ಲಿಯೇ ಬಿಡಿ, ಪೆನ್ನು ಮತ್ತು ಖಾಲಿ ಹಾಳೆ ತನ್ನಿ.