ಲೂಯಿ ಮಾಲ್ ಎಂಬ ಒಂದು ಕಡೆ ನಿಲ್ಲದ ಆಸಾಮಿ

ಕೇಳುಗರೇ, ನಮಸ್ಕಾರ. ಫ್ರಾನ್ಸಿನ ನಿರ್ದೇಶಕ ಲೂಯಿ ಮಾಲ್‌ನ ಎರಡು ಸಿನಿಮಾಗಳನ್ನು ಬೆನ್ನುಬೆನ್ನಿಗೆ ನೋಡಿ. ಇವೆರಡನ್ನೂ ಮಾಡಿದ್ದು ಒಬ್ಬನೇನಾ ಅಂತ ಅನುಮಾನ ಬರುತ್ತದೆ.

ಹುಟ್ಟಿದ್ದು 1932ರಲ್ಲಿ, ಸಕ್ಕರೆ ಕಾರ್ಖಾನೆಯ ಸಿರಿವಂತರ ಮನೆಯಲ್ಲಿ. ಸಿನಿಮಾ ಶಾಲೆಯಿಂದ ನೇರ ಸಮುದ್ರ ಶೋಧಕ ಜಾಕ್ ಕೂಸ್ಟೋನ ಹಡಗು ಹತ್ತಿ, ಕ್ಯಾಮೆರಾ ಹಿಡಿದು ಸಮುದ್ರದೊಳಗೆ ಇಳಿದ. ಇಬ್ಬರೂ ಸೇರಿ ಮಾಡಿದ ಸಾಕ್ಷ್ಯಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಬಂತು, ಆಮೇಲೆ ಆಸ್ಕರ್ ಕೂಡ. ವಯಸ್ಸು ಆಗ ಬರೀ 23! ಬೇರೆಯವರಾಗಿದ್ದರೆ ಕೊನೆಯವರೆಗೂ ಮೀನು ತೋರಿಸಿಕೊಂಡೇ ಇರುತ್ತಿದ್ದರೇನೋ.

ಈತ ಮುಂದೆ ಮಾಡಿದ್ದು ಕೊಲೆಯ ಕಥೆ. ಲಿಫ್ಟಿನಲ್ಲಿ ಸಿಕ್ಕಿಬಿದ್ದ ಕೊಲೆಗಾರ, ಅವನನ್ನು ಹುಡುಕುತ್ತ ರಾತ್ರಿ ಪ್ಯಾರಿಸ್ ಬೀದಿಯಲ್ಲಿ ಅಲೆಯುವ ನಟಿ ಜೀನ್ ಮೊರೋ, ಅವಳ ಮುಖದ ಮೇಲೆ ಅಂಗಡಿ ಕಿಟಕಿಯ ಬೆಳಕು, ಹಿಂದೆ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ದೃಶ್ಯ ನೋಡುತ್ತ ಅಲ್ಲೇ ನುಡಿಸಿದ ಟ್ರಂಪೆಟ್. ಕಥೆ ಕಟ್ಟಿದ್ದೇ, ಆದರೆ ಆ ಬೀದಿ ನಿಜ, ಬೆಳಕೂ ನಿಜ. ಅಲ್ಲಿಂದ ತುಂಟ ಹುಡುಗಿಯ ಹಾಸ್ಯಚಿತ್ರ, ಕಾರು ಕಾರ್ಖಾನೆಯ ಸಾಕ್ಷ್ಯಚಿತ್ರ, ಅಮೆರಿಕಕ್ಕೆ ಹೋದ ಮೇಲೆ ಇಬ್ಬರು ಗೆಳೆಯರು ಊಟ ಮಾಡುತ್ತ ಮಾತಾಡುವುದೇ ಇಡೀ ಸಿನಿಮಾ!

1968ರಲ್ಲಿ ನಮ್ಮ ದೇಶಕ್ಕೂ ಬಂದ. ಜೊತೆಗೆ ಕ್ಯಾಮೆರಾದವನೊಬ್ಬ, ಸೌಂಡಿನವನೊಬ್ಬ, ಅಷ್ಟೇ. ಕೈಯಲ್ಲಿ ಸ್ಕ್ರಿಪ್ಟ್ ಇಲ್ಲ. ಹೋದಲ್ಲೆಲ್ಲ ಜನ ಕ್ಯಾಮೆರಾವನ್ನೇ ದಿಟ್ಟಿಸಿದರು, ಈತ ಅದನ್ನು ಕತ್ತರಿಸಲಿಲ್ಲ. ಏಳು ಕಂತುಗಳ ಆ ‘ಫ್ಯಾಂಟಮ್ ಇಂಡಿಯಾ’ವನ್ನು 1970ರಲ್ಲಿ ಬಿಬಿಸಿ ಪ್ರಸಾರ ಮಾಡಿದಾಗ ನಮ್ಮ ಸರ್ಕಾರಕ್ಕೆ ಎಷ್ಟು ಸಿಟ್ಟು ಬಂತೆಂದರೆ, ಬಿಬಿಸಿಯ ದೆಹಲಿ ಕಚೇರಿಯೇ ಮುಚ್ಚಬೇಕಾಯಿತು. ಬಡತನವನ್ನೇ ಜಾಸ್ತಿ ತೋರಿಸಿದ ಅನ್ನುವ ದೂರು ಪೂರ್ತಿ ಸುಳ್ಳೇನಲ್ಲ, ಕೆಲವು ಕಡೆ ಈತನ ಮಾತೂ ಜಾಸ್ತಿಯೇ. ಆದರೆ ಮದ್ರಾಸಿನ ಕಲಾಕ್ಷೇತ್ರದಲ್ಲಿ ಹುಡುಗಿಯರು ನೃತ್ಯ ಕಲಿಯುವುದನ್ನು ನೋಡುತ್ತ ನಿಂತಾಗ ಇದ್ದಾನಲ್ಲ, ಆ ಮಾಲ್ ನನಗೆ ಇಷ್ಟ.

ಇಷ್ಟೆಲ್ಲ ಸುತ್ತಿದವನು ಒಂದು ಕಥೆಯನ್ನು ಮಾತ್ರ ಮುಟ್ಟದೆ ಇಟ್ಟುಕೊಂಡಿದ್ದ. 1944ರ ಜನವರಿ, ಈತನಿಗೆ 11 ವರ್ಷ. ಓದುತ್ತಿದ್ದ ಕ್ರೈಸ್ತ ಶಾಲೆಗೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ನುಗ್ಗಿ, ಬೇರೆ ಹೆಸರಿಟ್ಟು ಬಚ್ಚಿಟ್ಟಿದ್ದ ಮೂವರು ಯಹೂದಿ ಹುಡುಗರನ್ನೂ ಅವರನ್ನು ಕಾಪಾಡಿದ್ದ ಪಾದ್ರಿಯನ್ನೂ ಎಳೆದೊಯ್ದಿತು. ಹುಡುಗರು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ನಲ್ಲಿ ಸತ್ತರು. ಅದು ಸಿನಿಮಾ ಆಗಿದ್ದು 1987ರಲ್ಲಿ. ‘ಮಕ್ಕಳೇ, ಹೋಗಿಬರುತ್ತೇನೆ’ ಅನ್ನುವುದೇ ಅದರ ಫ್ರೆಂಚ್ ಹೆಸರಿನ ಅರ್ಥ. ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳಿಗೆ ಪಾದ್ರಿ ಹೇಳುವ ಮಾತು ಅದು. ಅವರು ಗೇಟು ದಾಟಿದ ಮೇಲೆ, ಮಾಲ್‌ನ ಬಾಲ್ಯವನ್ನು ಹೋಲುವ ಹುಡುಗನ ಮುಖ ತೆರೆಯ ಮೇಲಿರುವಾಗ ಒಂದು ದನಿ ಕೇಳಿಸುತ್ತದೆ. ನಟರದ್ದಲ್ಲ. 55ರ ಹತ್ತಿರ ಬಂದಿದ್ದ ಲೂಯಿ ಮಾಲ್‌ನದೇ.