ತಡವೋ ಯಂತ್ರಕ್ಕೆ ಫೋಟೋ ತೆಗೆಯೋ ಕೆಲಸ

ನನ್ನ ಮೊದಲ ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ಚಿತ್ರ ಆರು ತಿಂಗಳು ನನ್ನ ಫೋನಿನ ವಾಲ್‌ಪೇಪರ್ ಆಗಿತ್ತು. ಮುತ್ತು ಚೆಲ್ಲಿದ ಹಾಗೆ ಲೈಪೋಸೋಮ್‌ಗಳು, ಅಂದ್ರೆ ಕೊಬ್ಬಿನ ಪುಟಾಣಿ ಗುಳ್ಳೆಗಳು. ಒಂದಿನ ಲೈಪೋಸೋಮೇ ಹಾಕದ ಬರೀ ಬಫರ್ (ಅವು ತೇಲೋ ಉಪ್ಪುನೀರು) ಹನಿ ಒಣಗಿಸಿ ನೋಡ್ತೀನಿ, ಅದೇ ಮುತ್ತುಗಳು! ಉಪ್ಪು ಕಣ್ರೀ. ಬರೀ ಉಪ್ಪು.

ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಮೂವರೂ ಸೇರಿ ಮಾಡಿದ್ದು. ಆ ‘ಮೈಕ್ರೋಸ್ಕೋಪ್’ ಅನ್ನೋ ಹೆಸರೇ ನಮ್ಮನ್ನ ಹಾಳು ಮಾಡಿದ್ದು ಅಂತ ನನ್ನ ತಕರಾರು. ತೆಳ್ಳನೆ ಪಟ್ಟಿ, ಅದರ ತುದೀಲಿ ಹತ್ತು ನ್ಯಾನೋಮೀಟರ್ ಆಸುಪಾಸಿನ ಮೊನೆಯ ಸೂಜಿ. ಸೂಜಿ ತಡವುತ್ತೆ, ಪಟ್ಟಿ ಬಾಗುತ್ತೆ, ಎಷ್ಟು ಬಾಗಿತು ಅಂತ ಲೇಸರ್ ಹೇಳುತ್ತೆ. ಅಷ್ಟೇ.

ಔಷಧಿ ಹೊರೋ ಕಣಗಳಿಗೆ ಬೇಕಾಗಿರೋದೂ ಈ ತಡವೋ ಕೆಲಸಾನೇ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡಾಕ್ಸಿಲ್ ತಗೊಳ್ಳಿ. ಕ್ಯಾನ್ಸರ್ ಔಷಧಿ ತುಂಬಿದ ಕೊಬ್ಬಿನ ಗುಳ್ಳೆ, ಅಡ್ಡಳತೆ ನೂರು ನ್ಯಾನೋಮೀಟರ್ ಹತ್ತಿರ. ಇಂಥ ಗುಳ್ಳೆ ಮೆತ್ತಗಿದೆಯಾ, ಗಟ್ಟಿಯಾ ಅನ್ನೋದರ ಮೇಲೆ ಜೀವಕೋಶ ಅದನ್ನ ಹೇಗೆ ನುಂಗುತ್ತೆ ಅನ್ನೋದೂ ಬದಲಾಗುತ್ತೆ. ಅದನ್ನ ಒತ್ತಿಯೇ ನೋಡಬೇಕು.

ಗುಳ್ಳೆ ಕೂರಿಸೋಕೆ ಅಭ್ರಕದ ಬಿಲ್ಲೆ ತಗೊಂಡು, ಅದಕ್ಕೆ ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಒಂದು ಪದರ ಎದ್ದು ಬರುತ್ತೆ, ಕೆಳಗೆ ಪರಮಾಣು ಲೆಕ್ಕದಲ್ಲೂ ಸಪಾಟಾದ ಹೊಸ ಮೈ. ಲಕ್ಷಾಂತರ ರೂಪಾಯಿ ಯಂತ್ರದ ಪಕ್ಕ ಸ್ಟೇಷನರಿ ಅಂಗಡಿ ಟೇಪು! ಅಭ್ರಕದ ಆ ಹೊಸ ಮೈ ಮೇಲೆ ಗುಳ್ಳೆಗಳಿರೋ ಒಂದು ಹನಿ. ದಯವಿಟ್ಟು ಒಣಗಿಸಬೇಡಿ, ಒಣದ್ರಾಕ್ಷಿ ಅಳೆದು ದ್ರಾಕ್ಷಿ ಇಷ್ಟೇ ದಪ್ಪ ಅಂದ ಹಾಗಾಗುತ್ತೆ. ನೀರಲ್ಲಿದ್ದರೂ ಗುಳ್ಳೆ ಅಭ್ರಕಕ್ಕೆ ಅಂಟಿಕೊಂಡು ಇಡ್ಲಿ ಥರ ಕೂತಿರುತ್ತೆ, ಸೂಜಿಯ ದಪ್ಪವೂ ಸೇರಿ ಇನ್ನೂ ಅಗಲ ಕಾಣುತ್ತೆ.

ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಅಂತೀವಲ್ಲ, ಇಲ್ಲಿ ಆ ಲೆಕ್ಕ ನಡೆಯಲ್ಲ. ಒಂದು ಗುಳ್ಳೆ ಮೆತ್ತಗಿದ್ದರೆ ಪಕ್ಕದ್ದು ಗಟ್ಟಿ. ಬಹಳಷ್ಟು ಒತ್ತಬೇಕು, ಬೆನ್ನು ನೋಯುತ್ತೆ. ಅದಕ್ಕೇ ಎಲ್ಲರೂ ಡಿಎಲ್‌ಎಸ್‌ಗೆ (ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್) ಓಡೋದು, ಬೆಳಕು ಚದುರೋದನ್ನ ನೋಡಿ ನಿಮಿಷಗಳಲ್ಲಿ ಸರಾಸರಿ ಗಾತ್ರ ಹೇಳಿಬಿಡುತ್ತೆ. ಆದರೆ ಅಲ್ಲಿ ದೊಡ್ಡವರದ್ದೇ ಗಲಾಟೆ. ಚದುರುವಿಕೆ ವ್ಯಾಸದ ಆರನೇ ಘಾತದಲ್ಲಿ ಏರೋದರಿಂದ, 100 ನ್ಯಾನೋಮೀಟರಿನ ಒಂದು ಕಣ 10 ನ್ಯಾನೋಮೀಟರಿನ ಹತ್ತು ಲಕ್ಷ ಕಣಗಳಿಗೆ ಸಮ. ಗಟ್ಟಿತನದ ಬಗ್ಗೆಯಂತೂ ಅದು ತುಟಿ ಬಿಚ್ಚಲ್ಲ.

ಹಂಗಾಗಿ ಈಗ ನಾನು ಸಂಶೋಧನಾ ಪೇಪರ್ ಓದೋವಾಗ ಚೆಂದದ ಚಿತ್ರ ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರಕ್ಕೆ ಹೋಗ್ತೀನಿ. ನೀರಲ್ಲಿ ತೆಗೆದಿದ್ದಾ, ಒಣಗಿಸಿಯಾ? ಎಷ್ಟು ಕಣ ಒತ್ತಿದ್ರಿ? ಬರೀ ಬಫರ್ ಚಿತ್ರ ಎಲ್ಲಿ, ಸ್ವಾಮಿ?